ಒಳಗಿನ ಎಸೆತ

ರೆಂಡೆಲ್ ಲಾಕ್‌ವುಡ್‌ನ ಎಡಗೈ ಇಡೀ ಬಿಲ್ವಿ ಪಟ್ಟಣಕ್ಕೆ ಸೇರಿದ ಆಸ್ತಿ ಎಂಬಂತೆ ನಮ್ಮೂರಿನವರು ಮಾತಾಡುತ್ತಿದ್ದರು. ಬಂದರಿನ ಕಟ್ಟೆಯಲ್ಲಿ ಮೀನು ಕೊಯ್ಯುವ ಹೆಂಗಸರು, ಮೊರೇವಿಯನ್ ಚರ್ಚಿನ ಪಾದ್ರಿ, ಟ್ಯಾಕ್ಸಿ ಸ್ಟ್ಯಾಂಡಿನ ಸೋಮಾರಿಗಳು, ಯಾರು ಸಿಕ್ಕರೂ "ಎಡಚನ ಕೈ ಹೇಗಿದೆ?" ಎಂದು ಕೇಳುತ್ತಿದ್ದರೇ ಹೊರತು ಎಡಚ ಹೇಗಿದ್ದಾನೆ ಎಂದು ಯಾರೂ ಕೇಳುತ್ತಿರಲಿಲ್ಲ. ಹದಿನಾರನೇ ವಯಸ್ಸಿಗೇ ಅವನ ಚೆಂಡು ಗಂಟೆಗೆ ತೊಂಬತ್ತೆರಡು ಮೈಲಿ ವೇಗದಲ್ಲಿ ಹೋಗುತ್ತಿತ್ತು. ನಮ್ಮ ಮಿಸ್ಕಿತೋ ಬುಡಕಟ್ಟಿನ ಜನರಲ್ಲಿ ಅಂಥ ಬೇಸ್‌ಬಾಲ್ ಎಸೆತಗಾರ ಹುಟ್ಟಿರಲೇ ಇಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಹಿರಿಯರು ಎಲ್ಲದಕ್ಕೂ ಹಾಗೆ ಹೇಳುತ್ತಾರೆ. ಇವನ ವಿಷಯದಲ್ಲಿ ಮಾತ್ರ ಅದು ನಿಜವಾಗಿತ್ತು.

ನಾನು ಒರ್ಲಿನ್ ಬೆಂಡ್ಲಿಸ್, ಅವನ ಪಕ್ಕದ ಮನೆಯವನು, ಅವನಿಗಿಂತ ಮೂರು ವರ್ಷ ದೊಡ್ಡವನು. ನಾನೂ ಚೆಂಡು ಎಸೆಯುತ್ತಿದ್ದೆ. ನನ್ನ ಎಸೆತ ನೋಡಲು ಬಂದವರು ಮಧ್ಯದಲ್ಲಿ ಎದ್ದು ಹೋಗಿ ಎಳನೀರು ಕುಡಿದು ಬರುತ್ತಿದ್ದರು.

ರೆಂಡೆಲ್‌ನ ಅಪ್ಪ ಆಲ್ಡ್ರಿಕ್ ಒಂದು ಕಾಲಕ್ಕೆ ಲಾಬ್‌ಸ್ಟರ್ ಹಿಡಿಯುವ ಮುಳುಗುಗಾರ. ಒಂದು ದಿನ ಆಳದಿಂದ ಅವಸರದಲ್ಲಿ ಮೇಲೆ ಬಂದವನಿಗೆ ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ನೀರಿನೊಳಗಿನ ದೇವತೆ ಲೀವಾ ಹೊಡೆದಳು ಎಂದರು ಜನ. ರಕ್ತದಲ್ಲಿ ಗಾಳಿ ಗುಳ್ಳೆ ಎಂದರು ಡಾಕ್ಟರು. ಯಾರು ಏನೆಂದರೂ ಕಾಲು ಎರಡೂ ಸತ್ತಿದ್ದವು. ಸ್ವಲ್ಪ ದಿನಕ್ಕೆ ಹೆಂಡತಿ ಕೆಲಸಕ್ಕೆಂದು ಕೋಸ್ಟರಿಕಾಗೆ ಹೋದವಳು ಅಲ್ಲೇ ಇನ್ನೊಂದು ಸಂಸಾರ ಹೂಡಿದಳು. ಉಳಿದವರು ಅಕ್ಕ ಡೆಲ್ಸಿಯಾ ಮತ್ತು ಎಂಟು ವರ್ಷದ ರೆಂಡೆಲ್. ಅಪ್ಪನ ಬೆನ್ನು ಹುಣ್ಣಾಗದಂತೆ ದಿನಕ್ಕೆ ಹಲವು ಸಲ ಅಕ್ಕ ತಮ್ಮ ಸೇರಿ ಮಗ್ಗುಲು ಬದಲಾಯಿಸುತ್ತಿದ್ದರು. ಆಟದ ಮಧ್ಯೆಯೂ ಡೆಲ್ಸಿಯಾ ಬೇಲಿಯ ಹತ್ತಿರ ಬಂದು ಕೂಗಿದರೆ ಸಾಕು, ಎಡಚ ಚೆಂಡು ಬಿಸಾಕಿ ಮನೆಗೆ ಓಡುತ್ತಿದ್ದ. ನಾವು ಕಾಯುತ್ತಿದ್ದೆವು. ಅವನಿಲ್ಲದೆ ಆಡುವುದರಲ್ಲಿ ಏನಿದೆ?

ಅಮೆರಿಕದ ತಂಡವೊಂದರ ಪರವಾಗಿ ಆಟಗಾರರನ್ನು ಹುಡುಕುತ್ತಾ ರಾಜಧಾನಿ ಮನಾಗುವಾದಿಂದ ಡಾನ್ ಎಲಿಸೆಯೊ ಎಂಬಾತ ವೇಗ ಅಳೆಯುವ ಯಂತ್ರ ಹಿಡಿದು ಬಂದ. ನೋಡಿ ಮುಗಿಸಿ ರೆಂಡೆಲ್‌ನನ್ನು ಕರೆದು ಸ್ಪ್ಯಾನಿಷ್‌ನಲ್ಲಿ ಏನೇನೋ ಕೇಳಿದ. ಹುಡುಗನಿಗೆ ನಮ್ಮ ಭಾಷೆ ಬಿಟ್ಟರೆ ಬೇರೆ ಬಾರದು. ನನ್ನ ಕಡೆ ತಿರುಗಿದ.

"ಅಣ್ಣ, ಅಪ್ಪಂಗೆ ಗಾಲಿ ಕುರ್ಚಿ ಕೊಡ್ತಾರಾ ಕೇಳು."

ನಾನು ಕೇಳಿದೆ. ಡಾನ್ ಎಲಿಸೆಯೊ ಹೊಟ್ಟೆ ಹಿಡಿದು ನಕ್ಕ. "ಕುರ್ಚಿ ಅಂಗಡೀನೇ ಕೊಡಿಸ್ತೀನಿ ಅಂತ ಹೇಳಪ್ಪ!" ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವನಿಗೊಂದು ನಾಲಿಗೆ ಬೇಕಲ್ಲ ಅಲ್ಲಿ. ನೀನೂ ಎಸೀತೀಯಂತೆ. ಬಾ ನೀನೂ" ಎಂದ.

ಹೀಗೆ ನಾನೂ ವೃತ್ತಿ ಆಟಗಾರನಾದೆ.

ಹೊರಡುವ ದಿನ ಪಾದ್ರಿ ಪ್ರಾರ್ಥನೆ ಮಾಡಿದರು, ಶಾಲೆಯ ಬ್ಯಾಂಡು ಬಂತು. ಡೆಲ್ಸಿಯಾ ತಾನು ಮಾರುವ ತೆಂಗಿನಹಾಲಿನ ಬ್ರೆಡ್ಡು ಒಂದು ಚೀಲ ತುಂಬ ತಂದು ನನ್ನ ಕೈಗಿಟ್ಟಳು.

"ಅವನು ತಿಂದ್ನಾ ಇಲ್ವಾ ನೋಡ್ಕೋ."

"ನನ್ನ ಆಟ ಚೆನ್ನಾಗಿ ಆಗ್ಲಿ ಅಂತ ಒಂದು ಮಾತು ಹೇಳಲ್ವಾ?"

"ನಿನ್ನ ಆಟ ನಾನು ನೋಡಿಲ್ವಾ ಒರ್ಲಿನ್? ದೇವರ ಮುಂದೆ ಸುಳ್ಳು ಹೇಳಿಸ್ಬೇಡ."

ಡೊಮಿನಿಕನ್ ದ್ವೀಪದೇಶದ ಬೋಕಾ ಚೀಕಾದ ಹತ್ತಿರ ಆ ತಂಡದ ಅಕಾಡೆಮಿ. ಅಲ್ಲಿಗೆ ಬರುವ ಹುಡುಗರೆಲ್ಲ ತಂತಮ್ಮ ಊರಿನ ಹೀರೋಗಳೇ. ಒಂದು ವಾರದಲ್ಲಿ ಆ ಅಮಲು ಇಳಿಯುತ್ತದೆ. ರೆಂಡೆಲ್‌ಗೆ ಇಳಿಯಲಿಲ್ಲ. ಮೊದಲ ಬೇಸಿಗೆಯಲ್ಲೇ ಅವನ ಎಸೆತ ತೊಂಬತ್ತೈದು ದಾಟಿತು. ಅಮೆರಿಕದಿಂದ ಬಿಳಿ ಟೋಪಿಯ ದೊಡ್ಡ ಮನುಷ್ಯರು ಬಂದು ಬೇಲಿಯಾಚೆ ಸಾಲಾಗಿ ನಿಂತು ನೋಡಿದರು. ಪತ್ರಿಕೆಯೊಂದರಲ್ಲಿ ಮುಂದಿನ ತಲೆಮಾರಿನ ಹತ್ತು ಹುಡುಗರ ಸಾಲಿನಲ್ಲಿ ಅವನ ಫೋಟೋ ಬಂತು. ಅಡುಗೆಯವಳು ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿ ಅವನ ತಟ್ಟೆಗೆ ದಿನಾ ಒಂದು ತುಂಡು ಕೋಳಿ ಹೆಚ್ಚಿಗೆ ಹಾಕತೊಡಗಿದಳು. ಊರಿನಲ್ಲಿ ಅವನ ದುಡ್ಡಿನಿಂದ ಸಿಮೆಂಟಿನ ಗೋಡೆ ಎದ್ದಿತು, ಆಲ್ಡ್ರಿಕ್‌ಗೆ ಗಾಲಿ ಕುರ್ಚಿ ಬಂತು.

ಎಸೆತದ ಕೋಚ್ ಅಬ್ರೆಯು ಹಳೇ ಆಟಗಾರ. ಮೊಣಕೈಯಲ್ಲಿ ಎರಡು ಆಪರೇಷನ್ನಿನ ಗುರುತು, ಬಾಯಲ್ಲಿ ಸದಾ ಸೂರ್ಯಕಾಂತಿ ಬೀಜ. ಅವನದು ಒಂದೇ ಪಾಠ: ಒಳಗೆ ಎಸಿ. ಒಳಗೆ ಎಂದರೆ ನೆಲದಲ್ಲಿ ಹೂತ ಪ್ಲೇಟ್ ಎಂಬ ಹಲಗೆಯ ಪಕ್ಕ ಬ್ಯಾಟ್ ಹಿಡಿದು ನಿಂತವನ ಮೈಗೆ ಹತ್ತಿರ, ಅವನ ಪಕ್ಕೆಲುಬು ಸವರಿಕೊಂಡು ಹೋಗುವ ಹಾಗೆ.

"ನೋಡು ಮಗ, ನೀನು ಯಾವಾಗಲೂ ಹೊರಗೆ ಎಸೆದ್ರೆ ಇವರು ಪ್ಲೇಟಿನ ಮೇಲೆ ಬಾಗಿ ಊಟಕ್ಕೇ ಕೂತ್ಕೋತಾರೆ. ಅವರ ಗದ್ದದ ಕೆಳಗೆ ಒಂದು ಬಿಡು. ಹಿಂದಕ್ಕೆ ಹಾರ್ಲಿ. ಆಮೇಲೆ ಹೊರಗಿಂದೂ ನಿಂದೇ. ಭಯ ಇಲ್ದೆ ಇರೋನಿಗೆ ಚೆಂಡು ಎಸೆಯೋದು ದಂಡ."

ನಾನು ಅದನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳುತ್ತಿದ್ದೆ. ರೆಂಡೆಲ್ ತಲೆಯಾಡಿಸುತ್ತಿದ್ದ. ಎರಡನೇ ವರ್ಷದ ಹೊತ್ತಿಗೆ ನನ್ನ ಸಹಾಯವಿಲ್ಲದೆಯೇ ಸ್ಪ್ಯಾನಿಷ್ ಅರ್ಥವಾಗುತ್ತಿತ್ತು. ಒಳಗೆ ಎಸೆಯುವುದೂ ಬಂದಿತ್ತು.

ಎರಡನೇ ಬೇಸಿಗೆಯ ಒಂದು ಬೆಳಗಿನ ಆಟ. ಎದುರಾಳಿ ಅಕಾಡೆಮಿಯಲ್ಲಿ ವಿಲ್ಕಿನ್ ಪನ್ಯಾಗ್ವಾ ಎಂಬ ಹುಡುಗನಿದ್ದ, ಹದಿನೇಳು ವರ್ಷ, ನಿಸಾವ್ ಊರಿನವನು. ಅವನೂ ಹೆಸರಾದವನೇ, ಆ ತಂಡಕ್ಕೆ ಅವನ ಬ್ಯಾಟೇ ಜೀವ. ಬಾಯೂ ಹಾಗೇ. ಮೊದಲ ಸರದಿಯಲ್ಲಿ ಎಡಚನ ಹೊರಗಿನ ಚೆಂಡನ್ನು ಬೇಲಿಗೆ ಹೊಡೆದು, ಓಡುತ್ತಾ ಕೂಗಿದ: "ಏಯ್ ಇಂಡಿಯನ್, ಇನ್ನೊಂದು ಕಳ್ಸೋ, ಬಿಸಿ ಇರೋವಾಗ್ಲೇ!" ನಮ್ಮಂಥ ಮೂಲನಿವಾಸಿಗಳನ್ನು ಅಲ್ಲಿ ಹಾಗೆ ಕರೆದು ಹಂಗಿಸುತ್ತಿದ್ದರು.

ಎರಡನೇ ಸರದಿಯಲ್ಲಿ ವಿಲ್ಕಿನ್ ಪ್ಲೇಟಿಗೆ ಇನ್ನೂ ಹತ್ತಿರ ಬಂದು, ಅದರ ಮೇಲೆಯೇ ಬಾಗಿ ನಿಂತ. ಅಬ್ರೆಯು ಬೀಜ ಉಗಿದು ಎದೆ ತಟ್ಟಿಕೊಂಡು ಸನ್ನೆ ಮಾಡಿದ: ಒಳಗೆ. ನಾನು ಬೆಂಚಿನ ಮೇಲಿದ್ದೆ, ನನ್ನ ಮಾಮೂಲು ಜಾಗದಲ್ಲಿ.

ಚೆಂಡು ಅಂದುಕೊಂಡದ್ದಕ್ಕಿಂತ ಮೇಲೆ ಬಂತು. ವಿಲ್ಕಿನ್ ಹಿಂದೆ ಸರಿಯಲಿಲ್ಲ. ಹೊರಗಿನ ಚೆಂಡೆಂದು ಇನ್ನೂ ಮುಂದಕ್ಕೇ ಬಾಗಿದ. ಹೆಲ್ಮೆಟ್ಟಿನ ಅಂಚಿನ ಕೆಳಗೆ, ಎಡಗಣ್ಣಿಗೆ ಬಿತ್ತು. ಬ್ಯಾಟಿಗೆ ಬಿದ್ದರೆ ಬರುವ ಸದ್ದಲ್ಲ, ಮೈಗೆ ಬಿದ್ದರೆ ಬರುವ ಸದ್ದೂ ಅಲ್ಲ. ಚೆಂಡು ಎಲ್ಲಿಗೂ ಪುಟಿಯದೆ ಅವನ ಕಾಲ ಬುಡಕ್ಕೇ ಬಿತ್ತು. ಅವನೂ ಬಿದ್ದ. ಎಲ್ಲರೂ ಓಡುವಷ್ಟರಲ್ಲಿ ಎದ್ದು ನಿಂತ. ಚೆಂಡಿನ ಪೆಟ್ಟು ತಿಂದವನಿಗೆ ಮೊದಲ ಬೇಸ್‌ಗೆ ಹೋಗುವ ಹಕ್ಕಿದೆಯಲ್ಲ, ಅಲ್ಲಿಗೆ ಹೊರಟ. ಆದರೆ ಅವನು ಹೋಗುತ್ತಿದ್ದದ್ದು ತದ್ವಿರುದ್ಧ ದಿಕ್ಕಿಗೆ, ಮೂರನೇ ಬೇಸ್‌ನ ಕಡೆಗೆ. ಒಂದು ಕೈ ಮುಖದ ಮೇಲೆ, ಬೆರಳುಗಳ ಸಂದಿಯಿಂದ ರಕ್ತ, ಇನ್ನೊಂದು ಕೈ ಕತ್ತಲಲ್ಲಿ ಗೋಡೆ ತಡಕುವವನ ಹಾಗೆ ಮುಂದಕ್ಕೆ ಚಾಚಿ ನಡೆದ. ಅವರ ಕೋಚ್ ಅವನನ್ನು ತಬ್ಬಿ ಕೂರಿಸಿದ.

ರೆಂಡೆಲ್ ಎಸೆಯುವ ದಿಬ್ಬದಿಂದ ಇಳಿದು ಅರ್ಧ ದಾರಿಗೆ ಬಂದು ನಿಂತುಬಿಟ್ಟಿದ್ದ. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

ವ್ಯಾನು ವಿಲ್ಕಿನ್‌ನನ್ನು ಕರೆದೊಯ್ದ ಮೇಲೆ ಮಣ್ಣಿನ ಮೇಲಿನ ರಕ್ತಕ್ಕೆ ಮರಳು ಎಳೆದರು. ಆಟ ಮುಂದುವರಿಯಿತು. ಅಬ್ರೆಯು ರೆಂಡೆಲ್‌ನನ್ನು ಹೊರಗೆ ಕರೆಯಲಿಲ್ಲ. "ಈಗ ಕೂರಿಸಿದ್ರೆ ಹೆದರಿಕೆ ಮೈಯಲ್ಲೇ ಕೂತುಬಿಡುತ್ತೆ. ಎಸೀಲಿ" ಎಂದ. ಅನುಭವದ ಮಾತೇ. ಮುಂದಿನ ಬ್ಯಾಟರ್‌ಗೆ ರೆಂಡೆಲ್ ಎಸೆದ ಚೆಂಡುಗಳು ಒಂದೂ ಪ್ಲೇಟಿನ ಹತ್ತಿರ ಸುಳಿಯಲಿಲ್ಲ. ಎಲ್ಲವೂ ಹೊರಗೆ, ಕ್ಯಾಚರ್ ಹಾರಿ ಹಿಡಿಯುವಷ್ಟು ಹೊರಗೆ. ಅದರ ಮುಂದಿನವನಿಗೂ ಹಾಗೇ. ಆಮೇಲೆ ಅಬ್ರೆಯು ತಾನೇ ಹೋಗಿ ಅವನ ಕೈಯಿಂದ ಚೆಂಡು ತೆಗೆದುಕೊಂಡ.

ವಿಲ್ಕಿನ್‌ನ ಕಣ್ಣು ಹೋಯಿತೆಂಬ ಸುದ್ದಿಯನ್ನು ನಮಗೆ ಹೇಳಿದವಳು ಅಡುಗೆಯವಳು. ಅವಳ ತಂಗಿ ಆ ಅಕಾಡೆಮಿಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ರೆಂಡೆಲ್ ಅನ್ನದ ತಟ್ಟೆ ಪಕ್ಕಕ್ಕಿಟ್ಟ.

"ಒಂದು ಕಣ್ಣಲ್ಲಿ ಚೆಂಡು ಕಾಣುತ್ತಾ ಅಣ್ಣ?"

"ಕಾಣುತ್ತೆ. ಎಷ್ಟು ದೂರ ಇದೆ ಅನ್ನೋದು ಗೊತ್ತಾಗಲ್ಲ."

"ಅಂದ್ರೆ ಆಡಕ್ಕಾಗಲ್ಲ."

ಅದು ಪ್ರಶ್ನೆ ಆಗಿರಲಿಲ್ಲ.

ಆಮೇಲೆ ನಡೆದದ್ದನ್ನು ನೋಡಿ ದೊಡ್ಡವರೆಲ್ಲ ತಲೆ ಕೆರೆದುಕೊಂಡರು. ಪ್ಲೇಟಿನ ಬಳಿ ಯಾರೂ ಇಲ್ಲದಿದ್ದರೆ ಎಡಚ ತೊಂಬತ್ತಾರರ ವೇಗದಲ್ಲಿ ಕ್ಯಾಚರ್‌ನ ಗ್ಲೌಸಿಗೆ ಸರಿಯಾಗಿ ಹಾಕುತ್ತಿದ್ದ, ಹತ್ತಕ್ಕೆ ಹತ್ತು. ಬ್ಯಾಟ್ ಹಿಡಿದ ಒಬ್ಬ ಮನುಷ್ಯ ನಿಂತರೆ ಚೆಂಡು ಹೊರಗೆ ಓಡುತ್ತಿತ್ತು. ಅಬ್ರೆಯು ಬಟ್ಟೆ ತುಂಬಿದ ಬೊಂಬೆಯನ್ನು ನಿಲ್ಲಿಸಿದ. ಬೊಂಬೆಗೂ ಅಷ್ಟೇ.

"ಅದು ಬೊಂಬೆ ಕಣೋ! ಅದಕ್ಕೆ ಕಣ್ಣೇ ಇಲ್ಲ!" ಎಂದು ಕೂಗಿದ ಅಬ್ರೆಯು, ಕೂಗಿದ ಮೇಲೆ ತಾನಾಡಿದ್ದು ಕಿವಿಗೆ ಬಿದ್ದು ಬಾಯಿ ಮುಚ್ಚಿಕೊಂಡ.

ಅಮೆರಿಕದಿಂದ ಮನಸ್ಸಿನ ಡಾಕ್ಟರೊಬ್ಬನನ್ನು ಕಂಪ್ಯೂಟರ್ ಪರದೆಯ ಮೇಲೆ ತಂದರು. ಅವನ ಇಂಗ್ಲಿಷನ್ನು ಆಫೀಸಿನ ಹುಡುಗಿ ಸ್ಪ್ಯಾನಿಷ್‌ಗೆ ತಿರುಗಿಸಬೇಕು, ಅದನ್ನು ನಾನು ನಮ್ಮ ಭಾಷೆಗೆ. ಇಂಥ ಮಾತು ಸ್ವಂತ ಭಾಷೆಯಲ್ಲೇ ಆಗಲಿ ಎಂದಿದ್ದನಂತೆ ಡಾಕ್ಟರು. ಒಳ್ಳೇ ಮನುಷ್ಯ, ಮೆಲುದನಿ.

"ಕಣ್ಣು ಮುಚ್ಕೊಂಡು ನಿನಗೆ ತುಂಬ ನೆಮ್ಮದಿ ಕೊಡೋ ಜಾಗ ಒಂದನ್ನ ನೆನೆಸ್ಕೋ ಅಂತಿದಾರೆ" ಎಂದೆ.

ರೆಂಡೆಲ್ ಕಣ್ಣು ಮುಚ್ಚಿದ. "ಮನೆ."

"ಅಲ್ಲಿ ಯಾರಿದಾರೆ ಅಂತ ಕೇಳ್ತಿದಾರೆ."

"ಅಪ್ಪ."

"ಅಪ್ಪ ಏನ್ ಮಾಡ್ತಿದಾರೆ?"

"ಮಲಗಿದ್ದಾನೆ. ಮಗ್ಗುಲು ಬದಲಾಯಿಸೋ ಹೊತ್ತಾಯ್ತು. ಅಕ್ಕ ಒಬ್ಬಳೇ ಇದ್ದಾಳೆ. ಒಬ್ಬಳ ಕೈಲಿ ಆಗಲ್ಲ."

ನಾನು ಹೇಳಿದೆ, ಆ ಹುಡುಗಿ ಹೇಳಿದಳು. ಪರದೆಯ ಮೇಲಿನ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡ. ರೆಂಡೆಲ್ ಕಣ್ಣು ತೆರೆದು ನನ್ನೊಬ್ಬನಿಗೇ ಹೇಳಿದ: "ಒಬ್ಬ ಮನುಷ್ಯ ಹಾಳಾದ್ರೆ ಒಂದು ಮನೆ ಹೇಗಿರುತ್ತೆ ಅಂತ ಇವರಿಗೆ ಯಾರಿಗೂ ಗೊತ್ತಿಲ್ಲ ಅಣ್ಣ. ನಂಗೊತ್ತು. ಅಂಥ ಮನೆ ಒಂದನ್ನ ನಾನೇ ಮಾಡಿದೀನಿ." ಅದನ್ನು ನಾನು ಅನುವಾದ ಮಾಡಲಿಲ್ಲ.

ಒಂದು ಭಾನುವಾರ ನಿಸಾವ್‌ಗೆ ಹೋಗಬೇಕೆಂದ. ನಾನು ಬೇಡ ಎಂದೆ. "ನೀನು ಬರ್ದೇ ಇದ್ರೆ ಒಬ್ಬನೇ ಹೋಗ್ತೀನಿ" ಎಂದ. ಬಸ್ಸು ಹಿಡಿದು ಹೋದೆವು.

ಊರಿನ ಬಾಯಲ್ಲೇ, ರಸ್ತೆ ಬದಿಗೆ ವಿಲ್ಕಿನ್‌ನ ತಾಯಿ ಡೋನ್ಯಾ ಮಿಲೆಡಿಯ ಅಂಗಡಿ. ತಗಡಿನ ಸೂರು, ದೊಡ್ಡ ಬಾಣಲೆ, ಕರಿದ ಮೀನು, ಕರಿದ ಬಾಳೆಕಾಯಿ. ನಾವು ಗಿರಾಕಿಗಳೆಂದುಕೊಂಡು ಅವಳು ನಾವು ಕೇಳುವ ಮೊದಲೇ ಎರಡು ಕಾಗದದಲ್ಲಿ ಮೀನು ಹಾಕಿಕೊಟ್ಟಳು. ತಗೊಂಡು ನಿಂತೆವು. ರೆಂಡೆಲ್ ತಿನ್ನಲಿಲ್ಲ.

"ಏನ್ ಮಗ, ಉಪ್ಪು ಕಮ್ಮಿಯಾ?"

"ನಾನು ರೆಂಡೆಲ್, ಅಮ್ಮ. ಆ ಚೆಂಡು ಎಸೆದವನು."

ಅವಳ ಕೈ ನಿಲ್ಲಲಿಲ್ಲ. ಬಾಣಲೆಯಲ್ಲಿದ್ದ ಮೀನು ಮಗುಚಿದಳು, ತೆಗೆದಳು, ಕಾಯುತ್ತಿದ್ದ ಮುದುಕನಿಗೆ ಕಟ್ಟಿಕೊಟ್ಟಳು, ಚಿಲ್ಲರೆ ಎಣಿಸಿಕೊಟ್ಟಳು. ಆಮೇಲೆ ಬೆಂಕಿ ತಗ್ಗಿಸಿ, ಒಳಗೆ ತಿರುಗಿ ಕೂಗಿದಳು, "ವಿಲ್ಕಿನ್! ಬಾ ಇಲ್ಲಿ. ನಿನ್ನ ನೋಡಕ್ಕೆ ಬಂದಿದಾರೆ."

ವಿಲ್ಕಿನ್ ಕಪ್ಪು ಕನ್ನಡಕ ಹಾಕಿ ಬಂದ. ಸೊರಗಿದ್ದ. ರೆಂಡೆಲ್‌ನ ಮುಖ ನೋಡಲಿಲ್ಲ, ನೇರ ಎಡಗೈ ನೋಡಿದ.

"ಓಹೋ, ಇಂಡಿಯನ್ ಸಾಹೇಬರು! ಇನ್ನೂ ತೊಂಬತ್ತೈದಾ, ಇಲ್ಲಾ ಏರಿದ್ಯಾ?"

"ಎಸೆಯಕ್ಕೆ ಆಗ್ತಿಲ್ಲ."

"ಏನಾಯ್ತು, ಭುಜಾನಾ?"

"ಭುಜ ಸರಿ ಇದೆ. ಯಾರಾದ್ರೂ ಎದುರು ನಿಂತ್ರೆ ಕೈ ಬರಲ್ಲ."

ವಿಲ್ಕಿನ್ ಮೊದಲು ನಕ್ಕ. ನಗು ಅರ್ಧಕ್ಕೇ ನಿಂತಿತು. ಒಳಗೆ ಹೋಗಿ ಬ್ಯಾಟು ಮತ್ತು ಹಳೇ ಚೆಂಡೊಂದನ್ನು ತಂದ. ಚೆಂಡನ್ನು ರೆಂಡೆಲ್‌ನ ಎದೆಗೆ ಎಸೆದು, ಅಂಗಡಿಯ ಹಿಂದಿನ ಖಾಲಿ ಜಾಗಕ್ಕೆ ನಡೆದ. ಗೋಡೆಗೆ ಬೆನ್ನು ಮಾಡಿ ಬ್ಯಾಟೆತ್ತಿ ನಿಂತು ಕನ್ನಡಕ ತೆಗೆದ. ಎಡಗಣ್ಣಿದ್ದ ಜಾಗದಲ್ಲಿ ರೆಪ್ಪೆ ಹೊಲಿದಂತಿತ್ತು.

"ಎಸಿ. ಒಳಗೆ ಎಸಿ. ಅವತ್ತಿನ ಹಾಗೇ."

"ವಿಲ್ಕಿನ್, ಬೇಡ ಕಣೋ" ಎಂದೆ ನಾನು.

"ನೀನು ಸುಮ್ನಿರು. ನೀನ್ಯಾರು, ಇವನ ಹೆಂಡ್ತಿನಾ? ಎಸಿಯೋ! ಈ ಕಣ್ಣಿಗೆ ಬದ್ಲಾಗಿ ನೀನು ದೊಡ್ಡ ಆಟಗಾರ ಆದೆ ಅಂತಾದ್ರೂ ಇರ್ಲಿ. ಟೀವಿಯಲ್ಲಿ ನಿನ್ನ ತೋರಿಸಿ, ನನ್ನ ಕಣ್ಣು ತೆಗೆದೋನು ಇವನೇ ಅಂತ ಹೇಳ್ಕೊಂಡಾದ್ರೂ ತಿರುಗ್ತೀನಿ. ಈಗ ನೀನೂ ಇಲ್ಲ, ನಾನೂ ಇಲ್ಲ ಅಂದ್ರೆ ಇದು ಯಾತಕ್ಕೆ ಹೋಯ್ತು? ಹೇಳು, ಯಾತಕ್ಕೆ ಹೋಯ್ತು?"

ರೆಂಡೆಲ್ ಚೆಂಡು ಹಿಡಿದು ನಿಂತ. ಬೆರಳುಗಳು ಹೊಲಿಗೆಯ ಮೇಲೆ ತಾವಾಗಿಯೇ ಕೂತವು. ಕೈ ಹಿಂದಕ್ಕೆ ಹೋಯಿತು. ಆಮೇಲೆ ಕೈ ಇಳಿಯಿತು. ಬಗ್ಗಿ ಚೆಂಡನ್ನು ನೆಲದ ಮೇಲಿಟ್ಟ, ಮೊಟ್ಟೆ ಇಡುವವನ ಹಾಗೆ.

"ಹೇಡಿ!" ವಿಲ್ಕಿನ್‌ನ ದನಿ ಒಡೆಯಿತು. "ನನ್ನ ಕಣ್ಣು ತಿಂದೆ, ಅದನ್ನ ಅರಗಿಸ್ಕೊಳ್ಳೋ ತಾಕತ್ತೂ ಇಲ್ವಲ್ಲೋ ನಿಂಗೆ!" ಬ್ಯಾಟನ್ನು ಗೋಡೆಗೆ ಬೀಸಿ ಬೀಸಿ ಹೊಡೆದ.

ಡೋನ್ಯಾ ಮಿಲೆಡಿ ಸೌಟು ಹಿಡಿದೇ ಬಂದಳು. ಮಗನನ್ನು ಹಿಂದಿನಿಂದ ಅಪ್ಪಿ ಹಿಡಿದು, ಅವನ ಭುಜದ ಮೇಲಿಂದ ನಮ್ಮನ್ನು ನೋಡಿ, "ಹೋಗಿ ಮಕ್ಕಳೇ. ಇನ್ನು ಬರಬೇಡಿ" ಎಂದಳು. ಬೈಯಲಿಲ್ಲ. ಬೈದಿದ್ದರೆ ರೆಂಡೆಲ್‌ಗೆ ಒಳ್ಳೆಯದಾಗುತ್ತಿತ್ತೇನೋ.

ಮುಂದಿನ ಬೇಸಿಗೆಗೂ ಅವನನ್ನು ಇಟ್ಟುಕೊಂಡರು. ಅಷ್ಟು ವೇಗದ ಎಡಗೈಯನ್ನು ಯಾರೂ ಸುಲಭಕ್ಕೆ ಬಿಸಾಕುವುದಿಲ್ಲ. ಆಟಕ್ಕೆ ಇಳಿಸಿದಾಗಲೆಲ್ಲ ಎದುರಾಳಿಗಳು ಪ್ಲೇಟಿನ ಮೇಲೆ ಹತ್ತಿ ನಿಂತರು. ಅವನು ಒಳಗೆ ಎಸೆಯುವುದಿಲ್ಲ ಎಂಬುದು ಇಡೀ ದ್ವೀಪಕ್ಕೆ ಗೊತ್ತಾಗಿತ್ತು. ಹೊರಗಿನ ಚೆಂಡುಗಳನ್ನು ಒಂದೊಂದಾಗಿ ಆರಿಸಿ ಬಡಿದರು. ಫ್ರಿಜ್ಜಿನ ಮೇಲಿನ ಫೋಟೋ ಒಂದು ದಿನ ಕಾಣಲಿಲ್ಲ. ಸೆಪ್ಟೆಂಬರಿನಲ್ಲಿ ಆಫೀಸಿಗೆ ಕರೆದು ಅವನಿಗೆ ಕೈಕುಲುಕಿ ಕಳಿಸಿದರು. ನನ್ನನ್ನೂ ಅದೇ ಉಸಿರಿನಲ್ಲಿ ಕಳಿಸಿದರು. ನಾಲಿಗೆಯ ಕೆಲಸ ಮುಗಿದಿತ್ತು.

"ಮೂವತ್ತು ವರ್ಷದಲ್ಲಿ ನಾನು ಇಂಥ ಕೈ ನೋಡಿಲ್ಲ" ಎಂದು ಅಬ್ರೆಯು ಗೇಟಿನ ತನಕ ಬಂದ. ಇನ್ನೇನೋ ಹೇಳುವವನಿದ್ದ. ಬಾಯಿಗೆ ಬೀಜ ಹಾಕಿಕೊಂಡು ಹಿಂತಿರುಗಿದ.

ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ವ್ಯಾನು ಪೆಟ್ರೋಲ್ ಬಂಕಿನಲ್ಲಿ ನಿಂತಿತು. ರೆಂಡೆಲ್ ತನ್ನ ಚೀಲ ತೆಗೆದುಕೊಂಡು ಇಳಿದ.

"ಅಣ್ಣ, ನೀನು ಹೋಗು. ನಾನು ನಿಸಾವ್‌ಗೆ ಹೋಗ್ತೀನಿ."

"ತಲೆ ಕೆಟ್ಟಿದ್ಯಾ? ಬರಬೇಡಿ ಅಂದ್ಲಲ್ಲೋ ಆಯಮ್ಮ!"

"ಅವಳು ಹೇಳಿದ್ದು ಕೇಳಿಸ್ತು."

"ನಿಮ್ಮಪ್ಪ? ನಿಮ್ಮಕ್ಕಂಗೆ ನಾನೇನ್ ಹೇಳ್ಲಿ?"

ಅವನು ಚೀಲ ಹೆಗಲಿಗೇರಿಸಿದ. "ಅಪ್ಪನ್ನ ಹಾಗೆ ಮಾಡಿದ್ದು ಸಮುದ್ರ. ಇವನನ್ನ ಮಾಡಿದ್ದು ನಾನು" ಎಂದ. ನಾನು ಅವನ ತೋಳು ಹಿಡಿದೆ, ಆ ಎಡತೋಳನ್ನೇ. ಬಿಡಿಸಿಕೊಂಡ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ.

ಬಿಲ್ವಿಯಲ್ಲಿ ವಿಮಾನ ಇಳಿದಾಗ ಬ್ಯಾಂಡು ಇರಲಿಲ್ಲ. ಡೆಲ್ಸಿಯಾ ಒಬ್ಬಳೇ ಬೇಲಿಯ ಹತ್ತಿರ ನಿಂತಿದ್ದಳು. ನನ್ನ ಹಿಂದೆ ಇಳಿಯುವವರನ್ನೆಲ್ಲ ನೋಡಿ ಮುಗಿಸಿದ ಮೇಲೆ ನನ್ನ ಮುಖ ನೋಡಿದಳು. ನಾನು ಹೇಳಿದೆ.

"ಯಾರದೋ ಮಗನ ಸೇವೆ ಮಾಡಕ್ಕೆ ಹೋದ್ನಾ? ಇಲ್ಲಿ ಅಪ್ಪನ್ನ ತಿರುಗಿಸಿ ಮಲಗಿಸೋರು ಯಾರು? ಅದನ್ನ ಕೇಳ್ಲಿಲ್ವಾ ನೀನು?"

"ಕೇಳ್ದೆ."

"ಏನಂದ?"

ನಾನು ಅದನ್ನು ಹೇಳಲಿಲ್ಲ. ಅವಳು ನನ್ನ ಚೀಲವನ್ನು ನೆಲಕ್ಕೆ ಬಿಸಾಕಿ ನಡೆದುಹೋದಳು.

ಆಲ್ಡ್ರಿಕ್‌ಗೆ ಹೇಳುವುದು ಇನ್ನೂ ಕಷ್ಟವಾಯಿತು. ಗಾಲಿ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ. "ಕೈಗೆ ಏನಾಗಿದೆ?" ಎಂದ.

"ಏನೂ ಆಗಿಲ್ಲ ಮಾವ."

"ಏನೂ ಆಗಿಲ್ವಾ?" ಆ ಮಾತು ಅವನಿಗೆ ಅರ್ಥವಾಗಲೇ ಇಲ್ಲ. ಸಾಯುವ ತನಕ ಅರ್ಥವಾಗಲಿಲ್ಲ. ತನ್ನ ತೊಡೆಗಳನ್ನು ಅಂಗೈಯಿಂದ ತಟ್ಟುತ್ತಾ, "ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದು ಗೊಣಗಿಕೊಂಡ. "ಮೈ ನೆಟ್ಟಗಿದ್ದೂ ಒಬ್ಬ ಹೀಗೆ ಮಾಡ್ತಾನಾ ಒರ್ಲಿನ್?"

ನಾನು ಟ್ಯಾಕ್ಸಿ ಓಡಿಸತೊಡಗಿದೆ. ಮಧ್ಯಾಹ್ನ, ಸಂಜೆ ಅವರ ಮನೆಗೆ ಹೋಗಿ ಆಲ್ಡ್ರಿಕ್‌ನ ಮಗ್ಗುಲು ಬದಲಾಯಿಸಲು ಕೈ ಕೊಡುತ್ತಿದ್ದೆ. ಮೊದಮೊದಲು ಡೆಲ್ಸಿಯಾ ಮಾತಾಡುತ್ತಿರಲಿಲ್ಲ. ಎರಡು ವರ್ಷದ ಮೇಲೆ ನಾನು ಆ ಮನೆಯ ಅಳಿಯನೇ ಆದೆ. ಮದುವೆಗೆ ರೆಂಡೆಲ್ ಬರಲಿಲ್ಲ.

ಅವನು ಫೋನ್ ಮಾಡುತ್ತಿದ್ದದ್ದು ನನಗೆ. ನಿಸಾವ್‌ನಲ್ಲಿ ಹೈತಿಯ ಕೂಲಿಗಳ ಜೊತೆ ಸಿಮೆಂಟ್ ಮೂಟೆ ಹೊರುತ್ತಿದ್ದ. ವಾರಕ್ಕೊಮ್ಮೆ ಡೋನ್ಯಾ ಮಿಲೆಡಿಯ ಅಂಗಡಿಯ ಮುಂದೆ ಸೌದೆಯ ಹೊರೆಯನ್ನೋ ಎಣ್ಣೆಯ ಡಬ್ಬವನ್ನೋ ಇಟ್ಟು ಬರುತ್ತಿದ್ದನಂತೆ. ಅವಳು ಅದನ್ನು ಮುಟ್ಟುತ್ತಿರಲಿಲ್ಲ; ಬೀದಿಯವರು ಎತ್ತಿಕೊಂಡು ಹೋಗುತ್ತಿದ್ದರು. ಮತ್ತೆ ಇಡುತ್ತಿದ್ದ. ಒಂದು ದಿನ ಸೌದೆ ಒಳಗೆ ಹೋಯಿತು ಎಂದು ಹೇಳಿದ. ದೊಡ್ಡ ಪಂದ್ಯ ಗೆದ್ದ ದಿನವೂ ಅವನ ದನಿ ಹಾಗಿರಲಿಲ್ಲ. ವಿಲ್ಕಿನ್ ಮಾತ್ರ ಅವನನ್ನು ಹತ್ತಿರ ಸೇರಿಸಲಿಲ್ಲ. ಬಾಡಿಗೆ ಮೋಟಾರ್ ಬೈಕ್ ಓಡಿಸುತ್ತಿದ್ದ, ಕುಡಿಯುತ್ತಿದ್ದ, ರೆಂಡೆಲ್ ಎದುರು ಬಂದರೆ ರಸ್ತೆ ದಾಟಿ ಆ ಕಡೆ ಹೋಗುತ್ತಿದ್ದ.

ಆಮೇಲೆ ಒಂದು ಮಧ್ಯಾಹ್ನ ಫೋನ್ ಬಂತು.

"ಎಡಗಡೆಯಿಂದ ಲಾರಿ ಬಂತಂತೆ ಅಣ್ಣ. ಅವನಿಗೆ ಕಾಣಿಸ್ಲಿಲ್ಲ."

"ವಿಲ್ಕಿನ್?"

"ಎಡಗಡೆಯಿಂದ" ಎಂದ ಮತ್ತೆ.

ಕುಡಿದಿದ್ದನೋ, ಲಾರಿಯವನದೇ ತಪ್ಪೋ, ನಾನು ಏನೇನೋ ಕೇಳಿದೆ. ಅವನಿಗೆ ಅದು ಯಾವುದೂ ಬೇಕಾಗಿರಲಿಲ್ಲ. ಶವ ಮಣ್ಣಿಗೆ ಹೋಗುವಾಗ ಗೇಟಿನ ಹೊರಗೆ ನಿಂತಿದ್ದನಂತೆ. ಎಲ್ಲರೂ ಹೋದ ಮೇಲೆ ಡೋನ್ಯಾ ಮಿಲೆಡಿ ಅವನ ಮುಂದೆ ಬಂದು ನಿಂತಳು. ಹೊಡೆಯುತ್ತಾಳೆಂದುಕೊಂಡನಂತೆ, ಹೊಡೆಯಲಿ ಎಂದು ಕಾದನಂತೆ. ಅವಳು, "ನಾಳೆ ಅಂಗಡಿ ತೆಗೀಬೇಕು. ಬಾಣಲೆ ಎತ್ತಕ್ಕೆ ನನ್ನೊಬ್ಬಳ ಕೈಲಿ ಆಗಲ್ಲ" ಎಂದಳಂತೆ.

ಅಂದಿನಿಂದ ಅವನು ಅಲ್ಲೇ ಇದ್ದಾನೆ.

ಆಲ್ಡ್ರಿಕ್ ಹೋದದ್ದು ಮರುವರ್ಷ, ಮೂತ್ರಪಿಂಡ ಕೆಟ್ಟು. ಈ ಸಲ ಫೋನ್ ಮಾಡಿದವಳು ಡೆಲ್ಸಿಯಾ. ಅಷ್ಟು ವರ್ಷದಲ್ಲಿ ಅವಳು ತಮ್ಮನಿಗೆ ಫೋನ್ ಮಾಡಿದ್ದು ಅದೊಂದೇ ಸಲ. ಅಂಗಳದಲ್ಲಿ ಜನ ಸೇರುತ್ತಿದ್ದರು. ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

"ಅಪ್ಪ ಹೋದ" ಎಂದಳು.

ಆ ಕಡೆ ಎಣ್ಣೆ ಚುರುಗುಟ್ಟುವ ಸದ್ದು. ಯಾರೋ ಗಿರಾಕಿ ಏನೋ ಕೇಳುತ್ತಿದ್ದ.

"ಮೈ ತೊಳೆದೋರು ಯಾರು?" ಎಂದ ರೆಂಡೆಲ್.

"ಒರ್ಲಿನ್."

"ಬೆನ್ನಲ್ಲಿ ಹುಣ್ಣಿತ್ತಾ?"

"ಇರ್ಲಿಲ್ಲ. ಒಂದು ದಿನಾನೂ ಆಗಕ್ಕೆ ಬಿಟ್ಟಿಲ್ಲ ನಾವು." ಡೆಲ್ಸಿಯಾಳ ದನಿ ಗಟ್ಟಿಯಾಗಿತ್ತು. "ಬರ್ತೀಯೇನೋ?"

"ನನ್ನ ವೀಸಾ ಕಾಗದ ಎಲ್ಲ ಮುಗಿದುಹೋಗಿದೆ ಅಕ್ಕ. ಇಲ್ಲಿಂದ ಹೊರಟ್ರೆ ಮತ್ತೆ ಒಳಗೆ ಬಿಡಲ್ಲ."

"ಮತ್ತೆ ಯಾಕೆ ಹೋಗ್ಬೇಕು ಒಳಗೆ? ನಿನ್ನ ಮನೆ ಇಲ್ಲಿದೆ. ನೀನೇ ಕಟ್ಟಿಸಿದ ಗೋಡೆ ಇದೆ."

ಅವನು ಅಳುತ್ತಿದ್ದನೋ ಏನೋ, ಎಣ್ಣೆಯ ಸದ್ದಿನಲ್ಲಿ ತಿಳಿಯಲಿಲ್ಲ. ಅಷ್ಟರಲ್ಲಿ ಹೆಂಗಸಿನ ದನಿಯೊಂದು ಸ್ಪ್ಯಾನಿಷ್‌ನಲ್ಲಿ ಕೂಗಿತು, "ರೆಂಡೆಲ್! ಮೀನು ಹೊತ್ತಿ ಹೋಗ್ತಿದೆ ಕಣೋ!"

"ಬಂದೆ, ಅಮ್ಮ" ಎಂದ.

ಡೆಲ್ಸಿಯಾ ಫೋನನ್ನು ಆಫ್ ಮಾಡಿದಳು. ಅದನ್ನು ನನ್ನ ಜೇಬಿಗೆ ಹಾಕಿ, ಮುಖ ತೊಳೆದುಕೊಂಡು ಬಂದಳು. "ಜನ ಬಂದು ಎಷ್ಟೊತ್ತಾಯ್ತು, ಯಾರಿಗೂ ಕಾಫಿ ಕೊಟ್ಟಿಲ್ಲ. ದೊಡ್ಡ ಪಾತ್ರೆ ಒಲೆ ಮೇಲಿಡು" ಎಂದಳು.